ಎಂಟು ಗ್ರೈಂಡರು, ಒಂದು ಸತ್ತ ಲ್ಯಾಪ್‌ಟಾಪು

ಎಂಟು ಗ್ರೈಂಡರು, ಒಂದಕ್ಕೆ ಹದಿನಾಲ್ಕೂವರೆ ಸಾವಿರ, ಒಟ್ಟು ಒಂದು ಲಕ್ಷದ ಹದಿನಾರು ಸಾವಿರ ರೂಪಾಯಿ. ತಿರುವೊಟ್ಟಿಯೂರಿನ ಕಡೆಯ ಒಂದು ಕಾಲೇಜು ಹಾಸ್ಟೆಲಿನ ಅಡುಗೆಮನೆಯ ಆರ್ಡರು. ಶನಿವಾರ ಮಧ್ಯಾಹ್ನದೊಳಗೆ ಕೊಟೇಶನ್ ಕೊಡಬೇಕು. ಸೋಮವಾರ ಬೆಳಿಗ್ಗೆ, ಆ ಕೊಟೇಶನ್ ಟೈಪ್ ಮಾಡಿಟ್ಟಿದ್ದ ನನ್ನ ಲ್ಯಾಪ್‌ಟಾಪು ಸತ್ತಿತು.

ವ್ಯಾಪಾರಕ್ಕೆ ಕೂತವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗದೆ ಒಂದು ವಾರ ಕಳೆದರೆ ನಾನೇ ಅನುಮಾನಪಡುತ್ತೇನೆ, ಎಲ್ಲೋ ಏನೋ ಕಾದು ಕೂತಿದೆ ಎಂದು. ಇದು ಎರಡು ಸಾವಿರದ ಐದೋ ಆರೋ ಇಸವಿಯ ಮಾತು. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ಬೀದಿಯಲ್ಲಿ, ಮಿಕ್ಸಿ, ಗ್ರೈಂಡರು, ಕುಕ್ಕರು ಮಾರುವ ಅಂಗಡಿ ನನ್ನದು. ಲ್ಯಾಪ್‌ಟಾಪನ್ನು ನಾನು ದುಡ್ಡು ಕೊಟ್ಟು ತಂದವನಲ್ಲ. ಹೆಚ್ಚು ಮಿಕ್ಸಿ ಮಾರಿದ ಡೀಲರಿಗೆ ಬ್ಯಾಂಕಾಕ್ ಪ್ರವಾಸ ಇಲ್ಲವೇ ಲ್ಯಾಪ್‌ಟಾಪು ಎಂದು ಕಂಪನಿಯವರು ಸ್ಕೀಮ್ ಇಟ್ಟಿದ್ದರು. ನಾನು ಬ್ಯಾಂಕಾಕ್ ಎಂದೆ. ಮನೆಯಾಕೆ ಲ್ಯಾಪ್‌ಟಾಪು ಎಂದಳು. ಲ್ಯಾಪ್‌ಟಾಪು ಬಂತು.

ಇಲ್ಲಿ ಒಂದು ಪದ್ಧತಿಯ ವಿಷಯ ಹೇಳಿಬಿಡಬೇಕು. ಹಾಸ್ಟೆಲು, ಛತ್ರ, ಶಾಲೆ, ಯಾರು ದೊಡ್ಡ ಸಾಮಾನು ಕೊಳ್ಳುವುದಿದ್ದರೂ ಮೂರು ಅಂಗಡಿಯ ಕೊಟೇಶನ್ ಕೇಳುತ್ತಾರೆ, ಕಡಿಮೆ ಹಾಕಿದವನಿಗೆ ಆರ್ಡರು ಕೊಡುತ್ತಾರೆ. ನಮ್ಮ ಬೀದಿಯಲ್ಲಿ ಆರ್ಡರು ಯಾರಿಗೆ ಬೇಕೋ ಅವನೇ ಮೂರನ್ನೂ ತಯಾರು ಮಾಡುತ್ತಾನೆ. ತನ್ನದು ಕಡಿಮೆ, ಉಳಿದೆರಡು ಜಾಸ್ತಿ. ಅಕ್ಕಪಕ್ಕದ ಇಬ್ಬರು ತಮ್ಮ ಲೆಟರ್‌ಹೆಡ್ಡಿಗೆ ಸಹಿ ಹಾಕಿ ಕೊಡುತ್ತಾರೆ. ಅವರ ಸರದಿ ಬಂದಾಗ ನಾವು ಹಾಕುತ್ತೇವೆ. ಯಾರೂ ಇದನ್ನು ಮೋಸ ಎಂದುಕೊಂಡಿಲ್ಲ. ಮದುವೆಗೆ ಮುಯ್ಯಿ ಮಾಡುವ ಹಾಗೆ ಅಷ್ಟೇ. ನನ್ನ ಮೂರು ಲೆಟರ್‌ಹೆಡ್ಡೂ ಆ ಲ್ಯಾಪ್‌ಟಾಪಿನೊಳಗೇ ಇದ್ದವು.

ಬುಷ್ ಹೋಗಿದೆ

ಸೋಮವಾರ ಅಂಗಡಿ ತೆರೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಲ್ಯಾಪ್‌ಟಾಪು ಆನ್ ಮಾಡಿದೆ. ಪರದೆ ಕಪ್ಪಗೇ ಉಳಿಯಿತು. ಒಳಗಿನಿಂದ ಟಕ್, ಟಕ್, ಟಕ್ ಎಂದು ಸದ್ದು.

ನಮ್ಮಲ್ಲಿ ಮಿಕ್ಸಿ ರಿಪೇರಿಗೆ ಒಬ್ಬ ಮೆಕ್ಯಾನಿಕ್ ಇದ್ದ. ವಯಸ್ಸಾದವನು, ಅಂಗಡಿ ಶುರುವಾದಾಗಿನಿಂದ ಇದ್ದವನು. ಕರೆಯದಿದ್ದರೂ ಬಂದು ಲ್ಯಾಪ್‌ಟಾಪಿನ ಹೊಟ್ಟೆಗೆ ಕಿವಿಯಿಟ್ಟ.

"ಬುಷ್ ಹೋಗಿದೆ ಮುದಲಾಳಿ" ಎಂದ. ಮುದಲಾಳಿ ಎಂದರೆ ಯಜಮಾನ, ಬುಷ್ ಎಂದರೆ ಮಿಕ್ಸಿಯ ಮೋಟಾರು ತಿರುಗುವ ಬಳೆ.

"ಇದರಲ್ಲಿ ಬುಷ್ ಇರಲ್ಲ ಕಣಪ್ಪ."

"ತಿರುಗೋದು ಏನಾದರೂ ಇದೆಯೋ ಇಲ್ಲವೋ?"

"ಒಳಗೆ ಒಂದು ತಟ್ಟೆ ತಿರುಗುತ್ತಂತೆ."

"ತಟ್ಟೆ ತಿರುಗಿದರೆ ಬುಷ್ ಇದ್ದೇ ಇರುತ್ತೆ. ಎರಡು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗುತ್ತೆ."

ಎಣ್ಣೆಯ ಬುಡ್ಡಿ ಆಗಲೇ ಕೈಗೆ ಬಂದಿತ್ತು. ನಾನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಗೆ ಹೋದೆ. ಸಂಜೆಯವರೆಗೂ ಅವನಿಗೆ ಬೇಜಾರು. ಬಂದ ಗಿರಾಕಿಗಳಿಗೆಲ್ಲ ಹೇಳಿದನಂತೆ: "ಮುದಲಾಳಿಗೆ ಊರವರ ಮಿಕ್ಸಿಯಾದರೆ ನನ್ನ ಮೇಲೆ ನಂಬಿಕೆ. ತಮ್ಮದಾದರೆ ಇಲ್ಲ."

ಎರಡು ಕಡೆ ಇಟ್ಟ ಜಾಣ

ಮನೆಯಲ್ಲಿ ಮಗಳಿಗೆ ತೋರಿಸಿದೆ. ಕಾಲೇಜಿನಲ್ಲಿ ಓದುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಕೋಪ ಬಂದರೆ ಇಂಗ್ಲಿಷಿನಲ್ಲಿ. ಸದ್ದು ಕೇಳಿದ ತಕ್ಷಣ "ಅಪ್ಪಾ, ಹಾರ್ಡ್ ಡಿಸ್ಕ್ ಪೋಚ್ಚು" ಎಂದಳು. ಹೋಯಿತು, ಅಷ್ಟೇ.

"ಬೇರೆ ಕಡೆ ಕಾಪಿ ಇಟ್ಟಿದ್ದೀಯಾ?" ಎಂದು ತಮಿಳಿನಲ್ಲೇ ಕೇಳಿದಳು.

ಈ ಪ್ರಶ್ನೆಗೇ ಕಾಯುತ್ತಿದ್ದೆ. "ಮೂವತ್ತು ವರ್ಷದಿಂದ ವ್ಯಾಪಾರ ಮಾಡ್ತಿದ್ದೀನಮ್ಮಾ. ಯಾವುದನ್ನಾದರೂ ಒಂದೇ ಕಡೆ ಇಡೋನಾ ನಾನು? ಎಲ್ಲ ಎರಡು ಕಡೆ ಇಟ್ಟಿದ್ದೀನಿ."

"ಎಲ್ಲಿ?"

"ಒಂದು ಸಿ-ಯಲ್ಲಿ. ಇನ್ನೊಂದು ಡಿ-ಯಲ್ಲಿ."

ಮಗಳು ಲ್ಯಾಪ್‌ಟಾಪನ್ನು ಮುಚ್ಚಿಟ್ಟಳು. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು. "ಅಪ್ಪಾ, ಸಿ-ನೂ ಡಿ-ನೂ ಒಂದೇ ಡಿಸ್ಕು. ಪರದೇಲಿ ಮಾತ್ರ ಎರಡು ಕಾಣುತ್ತೆ."

ಅಡುಗೆಮನೆಯಿಂದ ಮನೆಯಾಕೆಯ ಧ್ವನಿ ಬಂತು. "ಬೀರುವಿನ ಡೂಪ್ಲಿಕೇಟ್ ಕೀಲಿ ಬೀರುವಿನೊಳಗೇ ಇಟ್ಟಿದ್ದರಲ್ಲ, ಅವತ್ತೇ ಅಂದುಕೊಂಡೆ."

ಫ್ರೀಜರ್ ವೈದ್ಯ

ನಮ್ಮ ಮೇಲಿನ ಫ್ಲಾಟಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರು, ಹುಬ್ಬಳ್ಳಿಯವರು. ಯಾವ ವಿಷಯ ಎತ್ತಿದರೂ ಅದರ ಬಗ್ಗೆ ಪೇಪರಿನಲ್ಲಿ ಓದಿರುತ್ತಿದ್ದರು. ಮಂಗಳವಾರ ಮೆಟ್ಟಿಲಲ್ಲಿ ಸಿಕ್ಕಿ, ಲ್ಯಾಪ್‌ಟಾಪಿನ ಸಮಾಚಾರ ಕೇಳಿಕೊಂಡು, ಅಲ್ಲೇ ಚಿಕಿತ್ಸೆ ಹೇಳಿದರು.

"ಆ ಡಿಸ್ಕ್ ಹೊರಗ ತಗೀರಿ. ಪ್ಲಾಸ್ಟಿಕ್ ಚೀಲದಾಗ ಹಾಕಿ, ಗಟ್ಟಿ ಕಟ್ಟಿ, ಫ್ರೀಜರಿನ್ಯಾಗ ಇಡ್ರಿ. ಒಂದು ರಾತ್ರಿ. ಮುಂಜಾನೆ ಹಚ್ಚಿ ನೋಡ್ರಿ, ಕುದುರಿ ಹಂಗ ಓಡ್ತದ."

"ನಿಜವಾಗ್ಲೂ ಓಡುತ್ತಾ?"

"ಹತ್ತು ನಿಮಿಷ ಓಡ್ತದಂತ. ಅಷ್ಟರಾಗ ನಿಮಗ ಬೇಕಾದ್ದು ತಕ್ಕೊಂಡ್ರ ಆತು. ಅಮೆರಿಕಾದಾಗ ಎಲ್ಲಾರೂ ಹಿಂಗ ಮಾಡ್ತಾರ್ರೀ."

ಖರ್ಚಿಲ್ಲದ ಔಷಧ. ಮಾಡಿ ನೋಡುವುದರಲ್ಲಿ ನಷ್ಟವೇನು? ಮೆಕ್ಯಾನಿಕ್ ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕನ್ನು ತೆಗೆದುಕೊಟ್ಟ. ("ಎಣ್ಣೆ ಬೇಡ, ಐಸು ಆಗಬಹುದೋ?" ಎಂದೂ ಕೇಳಿದ.) ಮನೆಯ ಫ್ರೀಜರಿನಲ್ಲಿ ಹಸಿ ಬಟಾಣಿಯ ಪೊಟ್ಟಣಕ್ಕೂ ತುರಿದ ತೆಂಗಿನಕಾಯಿಯ ಡಬ್ಬಿಗೂ ನಡುವೆ ಅದಕ್ಕೆ ಜಾಗ ಮಾಡಿದೆ. ಮನೆಯಾಕೆ ಮಡಿಯ ಪ್ರಶ್ನೆ ಎತ್ತಿದಳು, ಒಂದು ಲಕ್ಷದ ಹದಿನಾರು ಸಾವಿರ ಎಂದೆ, ತಾನೇ ಬಟಾಣಿಯನ್ನು ಪಕ್ಕಕ್ಕೆ ಸರಿಸಿದಳು.

ಬುಧವಾರ ಬೆಳಿಗ್ಗೆ ಮೇಲಿನವರೂ ಕಾಫಿ ಲೋಟ ಹಿಡಿದುಕೊಂಡೇ ಇಳಿದು ಬಂದರು. ಡಿಸ್ಕನ್ನು ಒರೆಸಿ, ಕೂರಿಸಿ, ಸ್ಕ್ರೂ ಬಿಗಿದು, ಎಲ್ಲರೂ ಸುತ್ತ ನಿಂತ ಮೇಲೆ ಆನ್ ಮಾಡಿದೆವು. ಮೊದಲು ಟಕ್, ಟಕ್ ಅನ್ನುತ್ತಿದ್ದದ್ದು ಈಗ ಬಿಡುವಿಲ್ಲದೆ ಟಕಟಕಟಕ ಎಂದಿತು.

"ನೋಡಿದ್ರ್ಯಾ, ಜೋರ್ ಬಂತು!" ಎಂದರು ಹುಬ್ಬಳ್ಳಿಯವರು.

"ಜೋರಲ್ಲ ಅಂಕಲ್" ಎಂದಳು ಮಗಳು, "ಚಳಿಗೆ ಹಲ್ಲು ಕಡೀತಾ ಇದೆ."

ನನ್ನ ವಿದ್ಯೆ ನನಗೇ

ಇಷ್ಟಾದ ಮೇಲೆ ಸರಿಯಾಗಿ ಕೂತು ಯೋಚಿಸಿದೆ. ರಿಪೇರಿ ಮಾಡಿಸುವುದೋ, ಹೊಸದು ಕೊಳ್ಳುವುದೋ? ನಮ್ಮ ಪಕ್ಕದಲ್ಲೇ ಟೈಪಿಂಗ್ ಅಂಗಡಿ ಇತ್ತು, ಅಲ್ಲಿ ಟೈಪ್ ಮಾಡಿಸಿಬಿಡಬಹುದಿತ್ತು ಎನ್ನುತ್ತೀರಿ. ಆ ಅಂಗಡಿಯವನ ಭಾವಮೈದ ಕೋಯಂಬೇಡಿನಲ್ಲಿ ಗ್ರೈಂಡರು ಮಾರುತ್ತಾನೆ. ನನ್ನ ರೇಟನ್ನು ಅವನ ಕಂಪ್ಯೂಟರಿನಲ್ಲಿ ಕೂರಿಸಿ ಬರುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಗುರುವಾರ ಒಂದು ದೊಡ್ಡ ಶೋರೂಮಿಗೆ ಹೋದೆ. ಏಸಿ ತಂಪು, ಗಾಜಿನ ಬಾಗಿಲು, ಟೈ ಕಟ್ಟಿದ ಸೇಲ್ಸ್‌ಮನ್ನು. ನನ್ನ ಲ್ಯಾಪ್‌ಟಾಪನ್ನು ಅವನ ಮುಂದಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಬರೀ ನೋಡಿ, ಒಂದು ಸಣ್ಣ ನಿಟ್ಟುಸಿರು ಬಿಟ್ಟ.

ನನಗೆ ಅವನ ಮೇಲೆ ಅಲ್ಲೇ ಗೌರವ ಬಂತು. ಆ ನಿಟ್ಟುಸಿರು ನನ್ನದೇ. ಹಳೆ ಕುಕ್ಕರ್ ಹಿಡಿದುಕೊಂಡು ಬರುವ ಹೆಂಗಸರ ಮುಂದೆ ನಾನೂ ಹೀಗೇ ಬಿಡುತ್ತೇನೆ. ಮುಟ್ಟಬಾರದು, ಮುಟ್ಟಿದರೆ ರಿಪೇರಿಯ ಆಸೆ ಹುಟ್ಟುತ್ತದೆ.

"ಇದಕ್ಕೆ ಖರ್ಚು ಮಾಡೋದು ದಂಡ ಸಾರ್" ಎಂದ. "ಇವತ್ತು ಡಿಸ್ಕ್, ನಾಳೆ ಬ್ಯಾಟರಿ, ನಾಡಿದ್ದು ಬೋರ್ಡು. ಇನ್ನು ಸ್ವಲ್ಪ ಮೇಲೆ ಹಾಕಿದರೆ ಹೊಸದೇ ಬರುತ್ತೆ."

"ಸ್ವಲ್ಪ ಅಂದ್ರೆ ಎಷ್ಟಪ್ಪಾ?"

"ನಲವತ್ತೆರಡು ಸಾವಿರ. ಹಳೇದಕ್ಕೆ ಎರಡು ಸಾವಿರ ಎಕ್ಸ್‌ಚೇಂಜ್ ಕೊಡ್ತೀವಿ, ನಿಮಗೋಸ್ಕರ."

ಆ 'ನಿಮಗೋಸ್ಕರ'ವನ್ನೂ ನಾನು ಬಲ್ಲೆ. ಅವನು ಕೊಡಿಸಿದ ಕಾಫಿ ಕುಡಿದೆ. ಗಿರಾಕಿಗೆ ಕಾಫಿ ಕೊಟ್ಟರೆ ಎದ್ದು ಹೋಗಲು ಸಂಕೋಚವಾಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ನನಗೆ ಆ ಸಂಕೋಚ ಇಲ್ಲ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಮಾತಿಗೆ ಮಾತು ಬಂದು, ನನ್ನ ಅಂಗಡಿ ಎಲ್ಲಿ ಎಂದು ಕೇಳಿದ. ಹೇಳಿದೆ. ಅವನ ಮುಖದಿಂದ ಸೇಲ್ಸ್‌ಮನ್ ಇಳಿದುಹೋದ.

"ಸ್ಟೇಷನ್ ರಸ್ತೇಲಿ, ಹೂವಿನ ಅಂಗಡಿ ಪಕ್ಕದ್ದಾ ಸಾರ್? ನಮ್ಮಮ್ಮ ಗ್ರೈಂಡರ್ ರಿಪೇರಿಗೆ ಅಂತ ನಿಮ್ಮಲ್ಲಿಗೇ ತಂದಿದ್ರು. ನೀವು ಹೊಸದು ತಗೊಳ್ಳಿ ಅಂದ್ರಿ. ತಗೊಂಡ್ವಿ."

"ಸಂತೋಷ. ಹೇಗಿದೆ ಅದು?"

"ಅದು ಚೆನ್ನಾಗಿದೆ ಸಾರ್. ಹಳೇದನ್ನ ಎರಡು ತಿಂಗಳ ಮೇಲೆ ನಿಮ್ಮಂಗಡೀಲೇ ನಮ್ಮತ್ತೆ ಕೊಂಡುಕೊಂಡ್ರು. ಅದು ಇನ್ನೂ ಚೆನ್ನಾಗಿದೆ."

ನಾನು ಲ್ಯಾಪ್‌ಟಾಪು ಎತ್ತಿಕೊಂಡು ಎದ್ದೆ. ಅವನು ತಡೆಯಲಿಲ್ಲ.

ಒಂದೇ ಒಂದು ಫೈಲು

ಶುಕ್ರವಾರ ರಿಚಿ ಸ್ಟ್ರೀಟು. ಮೌಂಟ್ ರೋಡಿನ ಪಕ್ಕದ ಆ ಸಂದಿಯಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಏನು ಬೇಕಾದರೂ ಸಿಗುತ್ತದೆ, ನಿಲ್ಲಲು ಜಾಗ ಒಂದು ಬಿಟ್ಟು. ಒಂದು ಕಿರಿದಾದ ಅಂಗಡಿಯ ಯಜಮಾನ ನನ್ನ ಲ್ಯಾಪ್‌ಟಾಪನ್ನು ಬಿಚ್ಚಿ, ಸದ್ದು ಕೇಳಿ, ಮುಚ್ಚಿದ. ನಿಟ್ಟುಸಿರಿಲ್ಲ, ಕಾಫಿಯಿಲ್ಲ.

"ಹೊಸ ಡಿಸ್ಕ್ ಹಾಕಿ, ವಿಂಡೋಸ್ ಹಾಕಿ, ಮೂರು ಸಾವಿರದ ಎಂಟುನೂರು. ಸಾಯಂಕಾಲ ಬನ್ನಿ."

"ಹಳೇದರಲ್ಲಿ ಇದ್ದದ್ದು?"

"ಅದಕ್ಕೆ ಬೇರೆ ಆಳು ಇದ್ದಾನೆ. ಹದಿನೈದು ಸಾವಿರ, ಹತ್ತು ದಿನ. ಬಂದರೆ ಬಂತು."

ನನ್ನ ಹತ್ತಿರ ಹದಿನೈದು ಸಾವಿರವೂ ಇಲ್ಲ, ಹತ್ತು ದಿನವೂ ಇಲ್ಲ. ಆದರೂ ಕೇಳದೆ ಬಿಡುವ ಅಭ್ಯಾಸ ಇಲ್ಲ.

"ನನಗೆ ಪೂರ್ತಿ ಬೇಡ. ಮೂರು ಲೆಟರ್‌ಹೆಡ್ಡು, ಒಂದು ಕೊಟೇಶನ್ನು, ಅಷ್ಟೇ. ಅದಕ್ಕೆ ಎಷ್ಟು?"

"ಸಾರ್, ತೆಗೆದರೆ ಎಲ್ಲಾ ಬರುತ್ತೆ. ಇಲ್ಲಾ, ಏನೂ ಬರಲ್ಲ."

"ಹಾಗಾದರೆ ಎಲ್ಲಾ ತೆಗಿ. ನನಗೆ ಬೇಕಾದ್ದು ನಾನು ತಗೋತೀನಿ, ಮಿಕ್ಕಿದ್ದು ನೀನೇ ಇಟ್ಕೊ. ಎರಡು ಸಾವಿರ ಕೊಡ್ತೀನಿ."

ಅವನು ಪಕ್ಕದ ಅಂಗಡಿಯವನನ್ನು ಕರೆದ. ಏನೋ ಸಲಹೆ ಕೇಳುತ್ತಾನೆ ಎಂದುಕೊಂಡೆ. "ಇವರು ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳ್ತಾರೆ, ಕೇಳು" ಎಂದ.

ನಿಂತಲ್ಲೇ ತೀರ್ಮಾನ ಮಾಡಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ನನ್ನ ಕೊಟೇಶನ್ ಇರುವುದಿಲ್ಲ. ರಿಪೇರಿಯಾದದ್ದರಲ್ಲೂ ಇರುವುದಿಲ್ಲ. ಎರಡೂ ಖಾಲಿ. ಖಾಲಿ ಪೆಟ್ಟಿಗೆಗೆ ನಲವತ್ತೆರಡು ಸಾವಿರ ಯಾಕೆ? ಮೂರು ಸಾವಿರದ ಎಂಟುನೂರು ಎಣಿಸಿದೆ. ಸತ್ತ ಡಿಸ್ಕನ್ನೂ ಕೇಳಿ ಇಸಕೊಂಡೆ. ನನ್ನ ಗಿರಾಕಿಗಳೂ ಹಳೆ ಬುಷ್ ಕೇಳಿಯೇ ಹೋಗುತ್ತಾರೆ, ನಿಜವಾಗಿ ಬದಲಾಯಿಸಿದ್ದೇವೋ ಎಂದು ನೋಡಲು.

"ಇದನ್ನ ಏನು ಮಾಡ್ತೀರಿ ಸಾರ್?"

"ಮನೇಲಿ ಫ್ರೀಜರ್ ಇದೆ" ಎಂದೆ.

ಪಕ್ಕದ ಅಂಗಡಿಯವನು ಮತ್ತೆ ತಲೆ ಹಾಕಿದ.

ಕಡಿಮೆ ಹಾಕಿದವರು ಯಾರು?

ಶುಕ್ರವಾರ ಸಂಜೆ ಲ್ಯಾಪ್‌ಟಾಪು ಬಂತು, ಮಗಳು ನನ್ನ ಕೊಟೇಶನ್ನನ್ನು ಮತ್ತೆ ಟೈಪ್ ಮಾಡಿಕೊಟ್ಟಳು. ಗ್ರೈಂಡರು ಒಂದಕ್ಕೆ ಹದಿನಾಲ್ಕೂವರೆ ಸಾವಿರ. ಉಳಿದಿಬ್ಬರ ಲೆಟರ್‌ಹೆಡ್ಡು ಡಿಸ್ಕಿನ ಜೊತೆ ಹೋಗಿದ್ದರಿಂದ ಈ ಸಲ ಅವರೇ ತಮ್ಮ ಕಾಗದದಲ್ಲಿ ಬರೆದುಕೊಡಬೇಕಾಯಿತು. ಒಬ್ಬರು ಪಾತ್ರೆ ಅಂಗಡಿಯವರು. ಹದಿನೈದೂವರೆ ಹಾಕಿ ಅಂಗಡಿ ಹುಡುಗನ ಕೈಲಿ ಹಾಸ್ಟೆಲಿಗೆ ಕಳಿಸಿದರು. ಇನ್ನೊಬ್ಬ ಎದುರುಗಡೆಯ ಛತ್ರಿ, ಸೂಟ್‌ಕೇಸ್ ಅಂಗಡಿಯವನು, ಲೆಟರ್‌ಹೆಡ್ಡಿನಲ್ಲಿ ಮಾತ್ರ ಜನರಲ್ ಮರ್ಚೆಂಟ್, ನನ್ನ ಹಳೆಯ ಗೆಳೆಯ. ಅವನ ಅಜ್ಜನ ಕಾಲಕ್ಕೇ ತುಮಕೂರಿನ ಕಡೆಯಿಂದ ಬಂದವರು. ಮಾತನ್ನು ಕನ್ನಡದಲ್ಲಿ ಎತ್ತಿ ತಮಿಳಿನಲ್ಲಿ ಇಳಿಸುತ್ತಿದ್ದ.

"ಶೆಟ್ರೇ, ರೇಟು ಎಷ್ಟು ಪೋಡಲಿ?"

"ಹದಿನೈದು ಸಾವಿರ ಹಾಕು. ಕವರಿನಲ್ಲಿ ಅಂಟಿಸಿ ನೀನೇ ತಗೊಂಡು ಬಾ. ಕವರ್ ಒಡೆಯೋವಾಗ ಇಬ್ಬರು ಅಂಗಡಿಯವರಾದರೂ ಎದುರಿಗೆ ಇರಬೇಕಂತೆ."

"ನಾನು ಬಂದು ಏನು ಮಾತಾಡಲಿ?"

"ಏನೂ ಮಾತಾಡಬೇಡ. ಸೋತವನ ಹಾಗೆ ಕೂತಿರು, ಸಾಕು."

ಶನಿವಾರ ಹಾಸ್ಟೆಲಿನ ಆಫೀಸಿನಲ್ಲಿ ವಾರ್ಡನ್ನು, ಅಡುಗೆಯ ಮೇಸ್ತ್ರಿ, ನಾವಿಬ್ಬರು. ಗೆಳೆಯ ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಡಿಯ ಮೇಲೆ ತನ್ನ ಅಂಗಡಿಯ ಛತ್ರಿಯೊಂದನ್ನು ಇಟ್ಟುಕೊಂಡು, ಬರುವ ಮೊದಲೇ ಸೋತವನ ಹಾಗೆ ಕೂತಿದ್ದ. ವಾರ್ಡನ್ನು ಮೂರೂ ಕವರು ಒಡೆದು, ಕನ್ನಡಕ ಏರಿಸಿ, ಕ್ಯಾಲ್ಕುಲೇಟರ್ ಒತ್ತಿದರು. ಇನ್ನೊಂದು ಸಲ ಒತ್ತಿದರು. ನಾನು ನಮ್ರತೆಯ ಮುಖ ಮಾಡಿಕೊಂಡು ಏಳಲು ತಯಾರಾದೆ.

"ಕಡಿಮೆ ರೇಟು, ಹದಿಮೂರೂವರೆ ಸಾವಿರ" ಎಂದು ಅವರು ಗೆಳೆಯನ ಕಡೆ ಕೈ ತೋರಿಸಿದರು. "ನಿಮ್ಮದೇ ಸಾರ್. ವಾಳ್ತುಕ್ಕಳ್." ಅಭಿನಂದನೆಗಳು.

ಗೆಳೆಯ ತನ್ನ ಹಿಂದೆ ಯಾರಾದರೂ ಕೂತಿದ್ದಾರೋ ಎಂದು ತಿರುಗಿ ನೋಡಿದ. ಅಲ್ಲಿ ಗೋಡೆ ಇತ್ತು.

ನಾನು ಬಗ್ಗಿ ಕಾಗದ ನೋಡಿದೆ. ಹದಿನೈದು ಸಾವಿರ ಎಂದು ಮುತ್ತಿನಂತೆ ಬರೆದಿದ್ದ. ಅದರ ಕೆಳಗೆ ನೇರಳೆ ಬಣ್ಣದ ಒಂದು ರಬ್ಬರ್ ಸ್ಟಾಂಪು: ಆಡಿ ತಳ್ಳುಬಡಿ, ಹತ್ತು ಪರ್ಸೆಂಟ್. ನಮ್ಮ ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಚೆನ್ನೈನ ಅಂಗಡಿಯವರೆಲ್ಲ ರಿಯಾಯಿತಿ ಕೊಡುತ್ತಾರೆ. ಇವನು ತಿಂಗಳ ಮೊದಲ ದಿನವೇ ಪುರುಸೊತ್ತಾಗಿ ಕೂತು, ಬಿಲ್ ಪುಸ್ತಕ, ಲೆಟರ್‌ಹೆಡ್ಡು, ಕೈಗೆ ಸಿಕ್ಕ ಕಾಗದಕ್ಕೆಲ್ಲ ಆ ಸ್ಟಾಂಪು ಒತ್ತಿಟ್ಟಿದ್ದ.

"ಏನಯ್ಯಾ ಇದು?" ಎಂದು ಪಿಸುಗುಟ್ಟಿದೆ.

"ಆಡಿ ಅಲ್ವಾ ಶೆಟ್ರೇ" ಎಂದು ಅವನೂ ಪಿಸುಗುಟ್ಟಿದ. ಅವನ ಹಣೆ ಬೆವರುತ್ತಿತ್ತು. "ಗ್ರೈಂಡರ್ ಅಂದ್ರೆ ದೋಸೆ ಹಿಟ್ಟಿಂದು ತಾನೇ?"

ವಾರ್ಡನ್ನಿಗೆ ಕೇಳಿಸಲಿಲ್ಲ. ಅವರು ಪೆನ್ನು ತೆಗೆದು, "ಗ್ಯಾರಂಟಿ ಎಷ್ಟು ವರ್ಷ ಸಾರ್?" ಎಂದರು.

"ಒಂದು ವರ್ಷ" ಎಂದ ಗೆಳೆಯ. ಇಲ್ಲಿಯವರೆಗೆ ಸರಿಯಾಗಿತ್ತು. ಆದರೆ ಇಪ್ಪತ್ತೈದು ವರ್ಷ ಒಂದೇ ಸಾಮಾನು ಮಾರಿದ ಬಾಯಿ, ಅಲ್ಲಿಗೆ ನಿಲ್ಲಲಿಲ್ಲ. "ಕಡ್ಡಿ ಮುರಿದರೆ ಫ್ರೀಯಾಗಿ ಹಾಕಿಕೊಡ್ತೀವಿ. ಬಟ್ಟೆ ಹರಿದರೆ ಮಾತ್ರ ಬರಲ್ಲ."

ಅಡುಗೆಯ ಮೇಸ್ತ್ರಿ ಒಮ್ಮೆ ವಾರ್ಡನ್ನನ್ನು, ಒಮ್ಮೆ ಛತ್ರಿಯನ್ನು ನೋಡಿದ. ನಾನು ತಕ್ಷಣ ಎದ್ದು ನಿಂತೆ.

"ಬಟ್ಟೆ ಅಂದ್ರೆ ಮೇಲೆ ಹೊದಿಸೋ ಕವರು ಸಾರ್. ಅದು ಸಾಮಾನ್ಯವಾಗಿ ಯಾರೂ ಕೊಡಲ್ಲ, ಇವರು ಕೊಡ್ತಾರೆ. ಒಳ್ಳೆ ಅಂಗಡಿ. ಇವರ ಗ್ರೈಂಡರ್ ಸರ್ವೀಸೆಲ್ಲ ನಾವೇ ನೋಡ್ಕೊಳ್ಳೋದು."

ವಾರ್ಡನ್ನು ನನ್ನ ಕೈ ಹಿಡಿದು ಕುಲುಕಿದರು. "ಆರ್ಡರ್ ಸೋತರೂ ಎದುರಾಳಿಯ ಬಗ್ಗೆ ಹೀಗೆ ಒಳ್ಳೆ ಮಾತಾಡೋರನ್ನ ನಾನು ಇವತ್ತೇ ನೋಡಿದ್ದು" ಎಂದರು.

ವಾಪಸು ಬರುವ ಬಸ್ಸಿನಲ್ಲಿ ವ್ಯವಹಾರಕ್ಕೆ ಕೂತೆವು. ಗ್ರೈಂಡರು ನನ್ನ ಹತ್ತಿರ ಇದೆ, ಆರ್ಡರು ಅವನ ಹತ್ತಿರ ಇದೆ. ಒಂದಕ್ಕೆ ನನಗೆ ಬೀಳುವ ಅಸಲು ಹನ್ನೆರಡು ಸಾವಿರದ ಇನ್ನೂರು. ಗಾಬರಿಯಲ್ಲಿದ್ದಾನೆ, ನೂರೋ ಇನ್ನೂರೋ ಕೊಟ್ಟರೆ ಕೈ ಮುಗಿಯುತ್ತಾನೆ ಎಂದುಕೊಂಡಿದ್ದೆ. ಪ್ಯಾರಿಸ್ ಕಾರ್ನರ್ ಬರುವ ಹೊತ್ತಿಗೆ ಅವನ ಬೆವರು ಆರಿತ್ತು.

"ಪಾದಿ ಪಾದಿ, ಶೆಟ್ರೇ" ಎಂದ. ಅರ್ಧ ಅರ್ಧ.

"ಅರ್ಧವಾ? ನೀನು ಏನು ಮಾಡಿದೆಯಯ್ಯಾ?"

"ರೇಟು ಕಡಿಮೆ ಹಾಕಿದ್ದು ಯಾರು?"

ಅರ್ಧ ಅರ್ಧ ಎಂದೇ ಆಯಿತು. ಎಂಟು ಗ್ರೈಂಡರಿನ ಲಾಭ ಹತ್ತು ಸಾವಿರದ ನಾನ್ನೂರು. ಛತ್ರಿ ಅಂಗಡಿಗೆ, ಕೂತಿದ್ದಕ್ಕೆ, ಐದು ಸಾವಿರದ ಇನ್ನೂರು. ನನಗೂ ಐದು ಸಾವಿರದ ಇನ್ನೂರು, ಅದರಲ್ಲಿ ಡಿಸ್ಕಿಗೆ ಹೋದದ್ದು ಮೂರು ಸಾವಿರದ ಎಂಟುನೂರು. ಉಳಿದದ್ದು ಸಾವಿರದ ನಾನ್ನೂರು ರೂಪಾಯಿ, ಓಡುವ ಒಂದು ಲ್ಯಾಪ್‌ಟಾಪು, ಸಜ್ಜನ ಎನ್ನುವ ಹೆಸರು.